ಮನೆಬಾಗಿಲಿಗೆ ಹೋಗಿ ಸಮಾಜವನ್ನು ಓದಿದ ಪ್ರೊ. ಎಂ.ಎನ್. ಶ್ರೀನಿವಾಸ್

ಕುಂದಾಪುರದಿಂದ ಬೈಂದೂರಿಗೆ ಹೋಗುವ ಬಸ್ಸು ತ್ರಾಸಿ ದಾಟಿ ಮರವಂತೆಗೆ ಬಂದಾಗ ಎಲ್ಲರೂ ಕಿಟಕಿಯ ಕಡೆ ತಿರುಗುತ್ತಾರೆ. ಒಂದು ಬದಿಯಲ್ಲಿ ಅರಬ್ಬಿ ಸಮುದ್ರ, ಇನ್ನೊಂದು ಬದಿಯಲ್ಲಿ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿ. ಕೆಲವೇ ನಿಮಿಷಗಳಲ್ಲಿ ಊರು ಹಿಂದೆ ಸರಿಯುತ್ತದೆ. ಮರವಂತೆಯನ್ನು ನೋಡಿದ್ದೇವೆ ಎಂದು ನಾವು ಹೇಳಿಕೊಳ್ಳುತ್ತೇವೆ. ಆದರೆ ಇಲ್ಲಿ ಎಷ್ಟು ಮನೆಗಳು ಮೀನುಗಾರಿಕೆಯನ್ನು ನಂಬಿವೆ, ಎಷ್ಟು ಮನೆಯ ಮಕ್ಕಳು ಗಲ್ಫಿನಲ್ಲಿದ್ದಾರೆ, ಹತ್ತನೇ ತರಗತಿಯ ನಂತರ ಶಾಲೆ ಬಿಟ್ಟವರು ಯಾರು, ಏಕೆ ಎಂಬುದು ಬಸ್ಸಿನ ಕಿಟಕಿಯಿಂದ ಕಾಣುವುದಿಲ್ಲ. ಬಸ್ಸಿನಿಂದ ಇಳಿದು ಮನೆಬಾಗಿಲಿಗೆ ನಡೆದು ಹೋಗಬೇಕು.

ಹಾಗೆ ನಡೆದು ಹೋಗುವುದನ್ನೇ ಒಂದು ಶಾಸ್ತ್ರವಾಗಿ ಕಲಿತು, ನೂರಾರು ವಿದ್ಯಾರ್ಥಿಗಳಿಗೆ ಕಲಿಸಿದವರು ನಮ್ಮ ಕನ್ನಡ ನಾಡಿನ ಪ್ರೊ. ಎಂ.ಎನ್. ಶ್ರೀನಿವಾಸ್. ಸಮಾಜಶಾಸ್ತ್ರ, ಅರ್ಥಶಾಸ್ತ್ರ, ಸಮಾಜಕಾರ್ಯ ವಿಷಯಗಳಲ್ಲಿ ಸ್ನಾತಕೋತ್ತರ ಪದವಿಗೆ ಹೋಗುತ್ತಿರುವ ನಮ್ಮ ವಿದ್ಯಾರ್ಥಿ ಮಿತ್ರರು ಅವರ ಬದುಕನ್ನು ತಿಳಿದಿರಬೇಕು.

ಬಾಲ್ಯ ಮತ್ತು ಶಿಕ್ಷಣ

ಮೈಸೂರು ನರಸಿಂಹಾಚಾರ್ ಶ್ರೀನಿವಾಸ್ ಹುಟ್ಟಿದ್ದು 1916ರ ನವೆಂಬರ್ 16ರಂದು, ಮೈಸೂರಿನಲ್ಲಿ. ಅವರ ಮನೆತನದ ಮೂಲ ಅರಕೆರೆ ಗ್ರಾಮ. ಮಕ್ಕಳ ವಿದ್ಯಾಭ್ಯಾಸಕ್ಕಾಗಿ ತಂದೆ ಹಳ್ಳಿ ಬಿಟ್ಟು ಪೇಟೆಗೆ ಬಂದಿದ್ದರು. ಬ್ರಾಹ್ಮಣರ ಬೀದಿಯಲ್ಲಿದ್ದ ಅವರ ಮನೆಯ ಹಿಂದೆಯೇ ಕುರುಬರು ವಾಸಿಸುವ ಬಂಡಿಕೇರಿ ಇತ್ತು. ಕೆಲವೇ ಹೆಜ್ಜೆಗಳ ಅಂತರದಲ್ಲಿ ಊಟ, ಮಾತು, ಪೂಜೆ, ಜಗಳ ಎಲ್ಲವೂ ಬೇರೆ. ಪಕ್ಕದಲ್ಲೇ ಇದ್ದರೂ ತನಗೆ ಗೊತ್ತಿಲ್ಲದ ಒಂದು ಲೋಕವಿದೆ ಎಂಬ ಬೆರಗು ಹುಡುಗನ ಮನಸ್ಸಿನಲ್ಲಿ ಉಳಿಯಿತು.

ಮಹಾರಾಜಾ ಕಾಲೇಜಿನಲ್ಲಿ ಸಾಮಾಜಿಕ ತತ್ತ್ವಶಾಸ್ತ್ರ ಓದಿ 1936ರಲ್ಲಿ ಆನರ್ಸ್ ಪದವಿ ಪಡೆದ ಅವರು ಮುಂಬಯಿಗೆ ಹೋಗಿ ಪ್ರೊ. ಜಿ.ಎಸ್. ಘುರ್ಯೆಯವರ ಶಿಷ್ಯರಾದರು. ಮೈಸೂರಿನ ಮದುವೆ ಮತ್ತು ಕುಟುಂಬದ ಬಗ್ಗೆ ಬರೆದ ಪ್ರಬಂಧ 1942ರಲ್ಲಿ ಪುಸ್ತಕವಾಯಿತು. ಆಮೇಲೆ ಕೊಡಗಿನಲ್ಲಿ ಸುತ್ತಾಡಿ ಸಂಗ್ರಹಿಸಿದ ವಿಷಯದ ಮೇಲೆ ಡಾಕ್ಟರೇಟ್ ಪಡೆದರು.

1945ರಲ್ಲಿ ಅವರು ಆಕ್ಸ್‌ಫರ್ಡ್ ಸೇರಿದರು. ಅಲ್ಲಿ ರ್‍ಯಾಡ್‌ಕ್ಲಿಫ್-ಬ್ರೌನ್, ನಂತರ ಇವಾನ್ಸ್-ಪ್ರಿಚರ್ಡ್ ಅವರ ಗುರುಗಳಾದರು. ಕೈಯಲ್ಲಿದ್ದುದು ಅದೇ ಕೊಡಗಿನ ಮಾಹಿತಿ. ಆದರೆ ಈಗ ಅದಕ್ಕೆ ಕೇಳುವ ಪ್ರಶ್ನೆಗಳು ಬದಲಾದವು. ಒಂದು ಆಚರಣೆ ಎಲ್ಲಿಂದ ಬಂತು ಎಂದು ಹುಡುಕುವ ಬದಲು, ಇಂದು ಅದು ಆ ಜನರನ್ನು ಹೇಗೆ ಒಟ್ಟಿಗೆ ಹಿಡಿದಿಟ್ಟಿದೆ ಎಂದು ನೋಡುವುದನ್ನು ಕಲಿತರು. 1952ರಲ್ಲಿ ಪ್ರಕಟವಾದ ಅವರ ಕೊಡಗಿನ ಗ್ರಂಥ ಜಗತ್ತಿನ ಗಮನ ಸೆಳೆಯಿತು. ಮಾಹಿತಿ ಇದ್ದ ಮಾತ್ರಕ್ಕೆ ಸಂಶೋಧನೆ ಆಗುವುದಿಲ್ಲ, ಕೇಳುವ ಪ್ರಶ್ನೆ ಸರಿ ಇರಬೇಕು ಎಂಬುದು ಅವರ ವಿದ್ಯಾರ್ಥಿ ಜೀವನದ ಮೊದಲ ಪಾಠ.

ರಾಂಪುರದ ಎತ್ತಿನ ಮನೆ

ಆಕ್ಸ್‌ಫರ್ಡಿನಲ್ಲಿ ಉಪನ್ಯಾಸಕ ಹುದ್ದೆ ದೊರೆತಾಗ ಮೊದಲ ವರ್ಷವನ್ನು ಕ್ಷೇತ್ರಕಾರ್ಯಕ್ಕೆ ಬಳಸುವ ಅವಕಾಶವೂ ಸಿಕ್ಕಿತು. 1948ರಲ್ಲಿ ಅವರು ಮೈಸೂರು ಸೀಮೆಯ ಒಂದು ಹಳ್ಳಿಗೆ ಬಂದು ನೆಲೆಸಿದರು. ಊರಿನವರ ಗುರುತು ಕಾಪಾಡಲು ಪುಸ್ತಕದಲ್ಲಿ ಅದಕ್ಕೆ ರಾಂಪುರ ಎಂದು ಹೆಸರಿಟ್ಟರು. ಸುಮಾರು 1500 ಜನರ ಊರು. ಒಕ್ಕಲಿಗರು, ಕುರುಬರು, ದಲಿತರು, ಮುಸ್ಲಿಮರು, ಇನ್ನೂ ಹಲವು ಜಾತಿಗಳವರು. ಊರ ಪಟೇಲರು ಇವರಿಗೆ ಬಿಟ್ಟುಕೊಟ್ಟದ್ದು ತಮ್ಮ ಎತ್ತುಗಳನ್ನು ಕಟ್ಟುವ ಮನೆಯ ಒಂದು ಭಾಗ.

ಅವರು ಲೆಕ್ಕ ಬಿಟ್ಟವರಲ್ಲ. ಮನೆಮನೆಯ ಗಣತಿ ಮಾಡಿದರು, ವಂಶಾವಳಿ ಬರೆದುಕೊಂಡರು, ಜಮೀನು, ಸಾಲ, ಮದುವೆ, ವ್ಯಾಜ್ಯಗಳ ವಿವರ ಕೂಡಿಸಿದರು. ಆದರೆ ಗಣತಿ ಮುಗಿದ ಮೇಲೆ ಊರು ಬಿಟ್ಟು ಹೊರಡಲಿಲ್ಲ. ಬಿತ್ತನೆ, ಕುಯ್ಲು, ಹಬ್ಬ, ಪಂಚಾಯಿತಿ ಎಲ್ಲವನ್ನೂ ಕಣ್ಣಾರೆ ಕಂಡರು. ಜಾತಿ ವ್ಯವಸ್ಥೆಯ ಬಗ್ಗೆ ಗ್ರಂಥಗಳು ಹೇಳುವುದಕ್ಕೂ ಊರಿನಲ್ಲಿ ನಡೆಯುವುದಕ್ಕೂ ಎಷ್ಟು ವ್ಯತ್ಯಾಸವಿದೆ ಎಂಬುದು ಅವರಿಗೆ ಸ್ಪಷ್ಟವಾಯಿತು. ಗ್ರಂಥದಲ್ಲಿ ನಾಲ್ಕು ವರ್ಣ ಮಾತ್ರ. ಊರಿನಲ್ಲಿ ಭೂಮಿ ಮತ್ತು ಜನಬಲ ಇರುವವರ ಮಾತೇ ನಡೆಯುತ್ತದೆ. ಇದನ್ನೇ ಅವರು ಪ್ರಬಲ ಜಾತಿ ಎಂದು ಕರೆದರು. ಇಂದು ಪತ್ರಿಕೆಗಳಲ್ಲಿ ದಿನವೂ ಕಾಣುವ ವೋಟ್ ಬ್ಯಾಂಕ್ ಎಂಬ ಪದವನ್ನು ಚಾಲ್ತಿಗೆ ತಂದವರೂ ಅವರೇ.

ತಮ್ಮ ಮಿತಿಯನ್ನೂ ಅವರು ಬಚ್ಚಿಡಲಿಲ್ಲ. ಅವರು ಬ್ರಾಹ್ಮಣರು, ಗಂಡಸು, ಮೇಲಾಗಿ ಪಟೇಲರ ಅತಿಥಿ. ಹೆಂಗಸರೊಡನೆ ಸಲೀಸಾಗಿ ಮಾತನಾಡಲು ಆಗಲಿಲ್ಲ. ದಲಿತರ ಕೇರಿಯೊಡನೆ ಬೇಕಾದಷ್ಟು ಒಡನಾಟ ಬೆಳೆಯಲಿಲ್ಲ. ತಾವು ಕಂಡದ್ದು ಬಹುಮಟ್ಟಿಗೆ ಭೂಮಿಯುಳ್ಳವರ ಕಣ್ಣಿನ ಊರು ಎಂದು ಅವರು ಒಪ್ಪಿಕೊಂಡರು. ನಂತರದ ವಿಮರ್ಶಕರೂ ಈ ಕೊರತೆಯನ್ನು ಎತ್ತಿ ತೋರಿಸಿದ್ದಾರೆ. ತಾನು ಎಲ್ಲಿ ನಿಂತು ನೋಡಿದೆ ಎಂದು ಓದುಗರಿಗೆ ತಿಳಿಸುವುದೂ ಸಂಶೋಧನೆಯ ಪ್ರಾಮಾಣಿಕತೆಯ ಭಾಗ ಎಂಬುದನ್ನು ಇದರಿಂದ ಕಲಿಯಬೇಕು.

ಗುರುವಾಗಿ

1951ರಲ್ಲಿ ಅವರು ಸ್ವದೇಶಕ್ಕೆ ಮರಳಿ ಬರೋಡಾದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ವಿಭಾಗವನ್ನು ಕಟ್ಟಿದರು. 1959ರಲ್ಲಿ ಡಾ. ವಿ.ಕೆ.ಆರ್.ವಿ. ರಾವ್ ಅವರ ಆಹ್ವಾನದ ಮೇರೆಗೆ ದೆಹಲಿಗೆ ಹೋಗಿ, ದೆಹಲಿ ಸ್ಕೂಲ್ ಆಫ್ ಇಕನಾಮಿಕ್ಸ್‌ನಲ್ಲಿ ಸಮಾಜಶಾಸ್ತ್ರ ವಿಭಾಗವನ್ನು ಬೆಳೆಸಿದರು. ಸಂಶೋಧನಾ ವಿದ್ಯಾರ್ಥಿ ಗ್ರಂಥಾಲಯದಲ್ಲೇ ಕುಳಿತು ಪಿಎಚ್.ಡಿ. ಮುಗಿಸಬಾರದು, ಒಂದು ಊರಿನಲ್ಲೋ ಕಾರ್ಮಿಕರ ನಡುವೆಯೋ ಬಹುಕಾಲ ಇದ್ದು ಬರಬೇಕು ಎಂಬ ಶಿಸ್ತನ್ನು ಅವರು ಬೆಳೆಸಿದರು. ಎ.ಎಂ. ಶಾ, ಆಂದ್ರೆ ಬೆತೇಲ್, ವೀಣಾ ದಾಸ್ ಮೊದಲಾದವರು ಈ ಗರಡಿಯಲ್ಲಿ ಪಳಗಿದವರು. ಶಾ ಮತ್ತು ಇ.ಎ. ರಾಮಸ್ವಾಮಿ ಅವರೊಡನೆ ಸೇರಿ 1979ರಲ್ಲಿ ಅವರು ಸಂಪಾದಿಸಿದ ಪುಸ್ತಕದಲ್ಲಿ ಹಲವು ಸಂಶೋಧಕರು ತಮ್ಮ ಕ್ಷೇತ್ರಕಾರ್ಯದ ಅನುಭವಗಳನ್ನು ಹಂಚಿಕೊಂಡಿದ್ದಾರೆ.

ಅದೇ ಕಾಲದಲ್ಲಿ ದೇಶದಲ್ಲಿ ಸಂಖ್ಯಾಶಾಸ್ತ್ರವೂ ಬೆಳೆಯುತ್ತಿತ್ತು. ಪ್ರಶಾಂತಚಂದ್ರ ಮಹಾಲನೋಬಿಸ್ ಅವರು 1931ರಲ್ಲಿ ಕಲ್ಕತ್ತದಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿದ್ದರು. 1950ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ ಆರಂಭವಾಯಿತು. ಆ ಸಂಸ್ಥೆಯಲ್ಲಿ ಬೆಳಗಿ ವಿಶ್ವವಿಖ್ಯಾತರಾದ ಸಿ.ಆರ್. ರಾವ್ ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ, 1920ರಲ್ಲಿ. ಕೋಟ್ಯಂತರ ಜನರಿರುವ ದೇಶದಲ್ಲಿ ಸರಿಯಾಗಿ ಆರಿಸಿದ ಕೆಲವು ಸಾವಿರ ಮನೆಗಳಿಂದ ಇಡೀ ದೇಶದ ಸ್ಥಿತಿ ಅಂದಾಜಿಸಬಹುದು ಎಂಬುದು ಈ ಶಾಸ್ತ್ರದ ಶಕ್ತಿ. ಆದರೆ ಬಾಡಿಗೆ ತನಿಖೆಗಾರರು ಅವಸರದಲ್ಲಿ ತುಂಬಿದ ಪ್ರಶ್ನಾವಳಿಯಿಂದ ಜನರ ಬದುಕು ಅರ್ಥವಾಗುತ್ತದೆಯೇ ಎಂಬುದು ಶ್ರೀನಿವಾಸರ ಸಂದೇಹ. ಎರಡು ದಾರಿಗಳೂ ಒಂದನ್ನೊಂದು ಬಿಟ್ಟು ಪೂರ್ಣವಾಗುವುದಿಲ್ಲ.

ಬೆಂಕಿ ಸುಡಲಾರದ್ದು

ಅವರ ಬಾಳಿನ ದೊಡ್ಡ ಆಘಾತ 1970ರ ಏಪ್ರಿಲ್ 24ರಂದು ಬಂತು. ಆಗ ಅವರು ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ, ವರ್ತನಾ ವಿಜ್ಞಾನಗಳ ಉನ್ನತ ಅಧ್ಯಯನ ಕೇಂದ್ರದಲ್ಲಿದ್ದರು. ರಾಂಪುರದ ಟಿಪ್ಪಣಿಗಳನ್ನು ವರ್ಷಗಟ್ಟಲೆ ಶ್ರಮಪಟ್ಟು ವಿಂಗಡಿಸಿ, ಮೂರು ಪ್ರತಿಗಳಾಗಿ ಸಿದ್ಧಮಾಡಿಟ್ಟಿದ್ದರು. ಕಟ್ಟಡಕ್ಕೆ ದುಷ್ಕರ್ಮಿಗಳು ಬೆಂಕಿ ಹಚ್ಚಿದರು. ಮೂರು ಪ್ರತಿಗಳೂ ಬೆಂಕಿಗೆ ಆಹುತಿಯಾದವು.

ಇನ್ನೊಬ್ಬರಾಗಿದ್ದರೆ ಕೈಚೆಲ್ಲಿ ಕೂರುತ್ತಿದ್ದರೇನೋ. ನೆನಪಿನಿಂದಲೇ ಬರೆಯಬಹುದಲ್ಲ ಎಂದು ಮಾನವಶಾಸ್ತ್ರಜ್ಞ ಸಾಲ್ ಟ್ಯಾಕ್ಸ್ ಸಲಹೆ ಕೊಟ್ಟರು. ಶ್ರೀನಿವಾಸ್ ಬರೆಯಲು ಕುಳಿತರು. ಇಪ್ಪತ್ತೆರಡು ವರ್ಷಗಳ ಹಿಂದಿನ ಪಟೇಲರು, ಅವರ ಗೆಳೆಯರು, ಗದ್ದೆ, ಕೆರೆ, ಜಗಳ, ನಗು ಮನಸ್ಸಿನಲ್ಲಿ ಹಾಗೆಯೇ ಇದ್ದವು. 1976ರಲ್ಲಿ ಪ್ರಕಟವಾದ 'ದ ರಿಮೆಂಬರ್ಡ್ ವಿಲೇಜ್' ಭಾರತೀಯ ಸಮಾಜಶಾಸ್ತ್ರದ ಮೇರುಕೃತಿಗಳಲ್ಲಿ ಒಂದಾಯಿತು. ಕೇವಲ ಪ್ರಶ್ನಾವಳಿ ತುಂಬಿಸಿ ಬಂದಿದ್ದರೆ ನೆನಪಿನಿಂದ ಇಂಥ ಪುಸ್ತಕ ಬರೆಯಲು ಆಗುತ್ತಿರಲಿಲ್ಲ.

1972ರಲ್ಲಿ ಅವರು ಬೆಂಗಳೂರಿಗೆ ಮರಳಿ, ವಿ.ಕೆ.ಆರ್.ವಿ. ರಾವ್ ಸ್ಥಾಪಿಸಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯ ಜಂಟಿ ನಿರ್ದೇಶಕರಾದರು. 1977ರಲ್ಲಿ ಪದ್ಮಭೂಷಣ ಪ್ರಶಸ್ತಿ ಬಂತು. 1999ರ ನವೆಂಬರ್ 30ರಂದು ಬೆಂಗಳೂರಿನಲ್ಲಿ ನಿಧನರಾದರು.

ನಮಗೆ ಇದರಿಂದ ಏನು?

ವಿಶ್ವವಿದ್ಯಾಲಯ ಅನುದಾನ ಆಯೋಗದ 2009ರ ನಿಯಮಗಳು ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಸಂಶೋಧನಾ ವಿಧಾನದ ಪಾಠಕ್ರಮವನ್ನು ಕಡ್ಡಾಯಗೊಳಿಸಿದವು. ಈಗ ಲೆಕ್ಕವನ್ನು ಕಂಪ್ಯೂಟರ್ ಕ್ಷಣದಲ್ಲಿ ಮಾಡಿಕೊಡುತ್ತದೆ. ಆದರೆ ಅದಕ್ಕೆ ಕೊಡುವ ಅಂಕಿ ಸರಿಯಾಗಿದೆಯೇ ಎಂದು ಕಂಪ್ಯೂಟರ್ ಹೇಳುವುದಿಲ್ಲ.

ನಮ್ಮ ಕರಾವಳಿಯ ಒಂದು ಮನೆಯನ್ನೇ ನೋಡಿ. ಒಟ್ಟಿಗೆ ವಾಸಿಸಿ ಒಂದೇ ಒಲೆಯಲ್ಲಿ ಉಣ್ಣುವವರು ಒಂದು ಕುಟುಂಬ ಎಂಬುದು ಗಣತಿಯ ಲೆಕ್ಕ. ಮಗ ದುಬೈಯಲ್ಲಿದ್ದರೆ ಅವನು ಆ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಮನೆ ನಡೆಯುವುದು ಅವನ ದುಡ್ಡಿನಿಂದ, ಮದುವೆಯ ಮಾತು ನಿಲ್ಲುವುದು ಅವನ ಫೋನಿಗಾಗಿ. ಬೆಳಿಗ್ಗೆ ಹತ್ತಕ್ಕೆ ಹೋದರೆ ದೋಣಿಗೆ ಹೋದ ಗಂಡಸರು ಸಿಗುವುದಿಲ್ಲ. ಹೆದ್ದಾರಿಯ ಬದಿಯ ಮನೆಗಳನ್ನಷ್ಟೇ ಕೇಳಿದರೆ ಒಳಗಿನ ದಾರಿಯ ಬಡವರು ಬಿಟ್ಟುಹೋಗುತ್ತಾರೆ. ಇವೆಲ್ಲ ಸಂಖ್ಯಾಶಾಸ್ತ್ರದ ಪಾಠಗಳೇ.

2006ರ ಸಾಚಾರ್ ಸಮಿತಿ ವರದಿಯನ್ನು ನಾವೆಲ್ಲ ಉಲ್ಲೇಖಿಸುತ್ತೇವೆ. 2001ರ ಜನಗಣತಿಯಂತೆ ದೇಶದಲ್ಲಿ ಮುಸ್ಲಿಮರ ಸಾಕ್ಷರತೆ ಶೇ. 59.1, ಒಟ್ಟು ಸರಾಸರಿ ಶೇ. 64.8. ಆದರೆ ಕರ್ನಾಟಕದಲ್ಲಿ ಮುಸ್ಲಿಮರ ಸಾಕ್ಷರತೆ ಶೇ. 70.1, ರಾಜ್ಯದ ಸರಾಸರಿ ಶೇ. 66.6. ಒಂದೇ ಗಣತಿ, ಎರಡು ಬೇರೆ ಚಿತ್ರ. ನಮ್ಮ ಊರಿನ ಹೆಣ್ಣುಮಗಳೊಬ್ಬಳು ಪಿಯುಸಿಗೆ ಏಕೆ ಸೇರಲಿಲ್ಲ ಎಂಬುದನ್ನು ಈ ಎರಡೂ ಸರಾಸರಿಗಳು ಹೇಳವು. ಅದನ್ನು ಅವಳ ತಾಯಿಯ ಬಳಿ ಕುಳಿತು ಕೇಳಬೇಕು. ಶ್ರೀನಿವಾಸರಂಥವರಿಗೂ ತೆರೆಯದ ಆ ಒಳಮನೆಯ ಬಾಗಿಲು ನಮ್ಮ ವಿದ್ಯಾರ್ಥಿನಿಯರಿಗೆ ತೆರೆದಿದೆ. ಅವರು ಸಂಶೋಧನೆಗೆ ಬಂದರೆ ಇದುವರೆಗೆ ಯಾರೂ ಬರೆಯದ ಸಂಗತಿಗಳು ಬೆಳಕಿಗೆ ಬರುತ್ತವೆ.

ನಮ್ಮ ಸ್ಥಿತಿಗತಿಯನ್ನು ಬೇರೆಯವರು ಬಂದು ಅಳೆಯಲಿ ಎಂದು ಕಾಯುವುದು ಬೇಡ. ಅಳೆಯುವ ವಿದ್ಯೆಯನ್ನು ನಮ್ಮ ಮಕ್ಕಳೇ ಕಲಿಯಲಿ. ಕಲಿತ ಮೇಲೆ ನಮ್ಮವರಿಗೆ ಹಿತವಾದುದನ್ನಷ್ಟೇ ಬರೆಯದೆ, ಕಂಡದ್ದನ್ನು ಕಂಡಂತೆ ಬರೆಯಲಿ. ಮುಂದಿನ ಕಿರುಪ್ರಬಂಧಕ್ಕೆ ವಿಷಯ ಹುಡುಕುತ್ತಿರುವ ವಿದ್ಯಾರ್ಥಿಗಳು ದೂರ ಹೋಗಬೇಕಾಗಿಲ್ಲ. ಬಸ್ಸು ಮರವಂತೆಯಲ್ಲಿ ನಿಲ್ಲುತ್ತದೆ, ಇಳಿದರೆ ಸಾಕು.