ಬಾಲವನದ ಗೃಹಸ್ಥರು

ತೊರಗಲ್ಲ ಸೀಮೆಯಲ್ಲಿ ಬೆಳೆದವರಿಗೆ ಒಂದು ಸಂಗತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ರಾಮದುರ್ಗದ ನೇಕಾರರ ಮನೆಯಲ್ಲಿ ಹುಟ್ಟಿದ ಕೂಸಿಗೆ ಕಸುಬನ್ನು ಕಲಿಸಲೆಂದು ಯಾರೂ ಗುರುಗಳನ್ನು ಹುಡುಕಿಕೊಂಡು ಹೋಗುತ್ತಿರಲಿಲ್ಲ. ಮಗ್ಗದ ಸಪ್ಪಳವನ್ನು ಕೇಳುತ್ತಲೇ ಅದು ಮಲಗುತ್ತಿತ್ತು, ಕೇಳುತ್ತಲೇ ಏಳುತ್ತಿತ್ತು. ಅಜ್ಜಿಯ ಬದಿಗೆ ಕುಳಿತು ಕಂಡಿಕೆ ಸುತ್ತುತ್ತ ಸುತ್ತುತ್ತ ಹಾಸು ಯಾವುದು, ಹೊಕ್ಕು ಯಾವುದು ಎಂಬುದನ್ನು ಅದರ ಕೈಯೇ ಅರಿತುಕೊಳ್ಳುತ್ತಿತ್ತು. ಸವದತ್ತಿ, ಬೈಲಹೊಂಗಲಗಳ ಎರೆಮಣ್ಣಿನ ಒಕ್ಕಲಿಗರ ಮಕ್ಕಳೂ ಹಾಗೆಯೇ ತಂದೆಯ ಕೂರಿಗೆಯ ಹಿಂದೆ ಹೆಜ್ಜೆಯಿಡುತ್ತ ಹದವನ್ನೂ ಮಳೆಯ ಲಕ್ಷಣವನ್ನೂ ಕಲಿತರು. ಅಂಥ ಮನೆಗಳಲ್ಲಿ ದುಡಿಮೆ, ಆಟ, ಪಾಠ ಎಂಬ ಮೂರು ಕೋಣೆಗಳಿರಲಿಲ್ಲ; ಒಂದೇ ಪಡಸಾಲೆಯಿತ್ತು.

ಅಕ್ಷರವಂತರ ಮನೆಗಳಿಗೆ ಈ ಭಾಗ್ಯವಿರಲಿಲ್ಲ. ಸರಕಾರಿ ಶಾಲೆಯ ಗಂಟೆಯೂ ಕಚೇರಿಯ ಗಂಟೆಯೂ ಸಮಾಜವನ್ನು ಆಳತೊಡಗಿದ ಮೇಲೆ ತಂದೆಯ ಕೆಲಸವು ಮಗನ ಕಣ್ಣಿಗೆ ಬೀಳದಾಯಿತು. ಮಗನ ಓದು ತಾಯಿಗೆ ಅರ್ಥವಾಗದಾಯಿತು. ಮನೆಯೆಂಬುದು ಉಂಡು ಮಲಗುವ ಬಿಡಾರವಷ್ಟೇ ಆಗಿ ಉಳಿಯಿತು. ಈ ಕೊರತೆಯನ್ನು ಕಂಡು ಮರುಗಿದವರು ಹಲವರು. ಆದರೆ ವಂಶದಿಂದ ಬಂದ ಕಸುಬೊಂದೂ ಕೈಯಲ್ಲಿಲ್ಲದೆ, ಸಂಬಳದ ಆಸರೆಯೂ ಇಲ್ಲದೆ, ತನ್ನ ಮನೆಯನ್ನೇ ಕುಶಲಕರ್ಮಿಯ ಮನೆಯಂತೆ ಕಟ್ಟಹೊರಟವರು ವಿರಳ. ಮಲಪ್ರಭೆ ಹುಟ್ಟುವ ಘಟ್ಟದ ಸಾಲನ್ನು ದಾಟಿ ದಕ್ಷಿಣದ ಕರಾವಳಿಗೆ ಇಳಿದರೆ, ಅಂಥ ಒಬ್ಬರ ಬದುಕು ನಮಗೆ ಸಿಗುತ್ತದೆ. ಅವರು ಕೋಟ ಶಿವರಾಮ ಕಾರಂತರು. ಕಾದಂಬರಿಕಾರರೆಂದು, ಯಕ್ಷಗಾನದ ಪುನರುಜ್ಜೀವಕರೆಂದು ನಾಡು ಅವರನ್ನು ಬಲ್ಲುದು. ಇಲ್ಲಿ ನೆನೆಯಬೇಕಾದುದು ಗೃಹಸ್ಥರಾದ ಕಾರಂತರನ್ನು.

ಕಾರಂತರು ಜನಿಸಿದುದು 1902ರ ಅಕ್ಟೋಬರ್ 10ರಂದು, ಉಡುಪಿಗೆ ಉತ್ತರದಲ್ಲಿರುವ ಕೋಟ ಗ್ರಾಮದಲ್ಲಿ. ತಂದೆ ಶೇಷ ಕಾರಂತರು, ತಾಯಿ ಲಕ್ಷ್ಮಮ್ಮನವರು. ಕಡಲು, ಗದ್ದೆ, ತೆಂಗಿನ ತೋಟ, ರಾತ್ರಿಯೆಲ್ಲ ನಡೆಯುವ ಬಯಲಾಟ ಇವುಗಳ ನಡುವೆ ಅವರ ಬಾಲ್ಯ ಕಳೆಯಿತು. ಮಂಗಳೂರಿನಲ್ಲಿ ಕಾಲೇಜು ಓದುತ್ತಿದ್ದಾಗ ಗಾಂಧೀಜಿಯವರ ಅಸಹಕಾರ ಚಳವಳಿಯ ಕರೆ ಬಂದಿತು. 1921ರಲ್ಲಿ ಅವರು ಓದಿಗೆ ಶರಣು ಹೊಡೆದು ಹೊರಬಂದರು. ಮತ್ತೆ ಆ ಬಾಗಿಲನ್ನು ತಟ್ಟಲಿಲ್ಲ. ಖಾದಿ ಪ್ರಚಾರ, ಸಮಾಜಸುಧಾರಣೆ, ವಸಂತ ಎಂಬ ಮಾಸಪತ್ರಿಕೆ, ನಾಟಕ ಹೀಗೆ ಹತ್ತು ದಾರಿಗಳಲ್ಲಿ ನಡೆದು ನೋಡಿದರು. ಪದವಿಯಿಲ್ಲದ ಈ ಯುವಕನಿಗೆ ಆ ವರ್ಷಗಳಲ್ಲಿ ಒಂದು ಮಾತು ಸ್ಪಷ್ಟವಾಗುತ್ತ ಹೋದಂತೆ ತೋರುತ್ತದೆ: ಬೆಳೆದ ಜನರ ಮನಸ್ಸನ್ನು ಭಾಷಣದಿಂದ ತಿದ್ದುವುದು ದುಸ್ತರ; ಮಣ್ಣು ಹಸಿಯಾಗಿರುವಾಗಲೇ ಗಡಿಗೆಗೆ ರೂಪ ಕೊಡಬೇಕು.

ಪುತ್ತೂರಿಗೆ ಅವರು ಬಂದು ನೆಲೆಸಿದ್ದು ಇಂಥ ಹೊತ್ತಿನಲ್ಲಿ. ದಕ್ಷಿಣ ಕನ್ನಡದ ಸಹಕಾರ ಚಳವಳಿಯ ಹಿರಿಯರಾದ ಮೊಳಹಳ್ಳಿ ಶಿವರಾಯರ ಬೆಂಬಲ ಅವರಿಗೆ ದೊರೆಯಿತು. ಅಲ್ಲಿನ ದಸರಾ ಉತ್ಸವವು ಸಾಹಿತಿಗಳೂ ಕಲಾವಿದರೂ ಕೂಡುವ ನಾಡಹಬ್ಬವಾಯಿತು. ಅದರ ಜೊತೆಯಲ್ಲೇ ಕಾರಂತರು ಊರ ಮಕ್ಕಳನ್ನು ಕಲೆಹಾಕಿ ಕೂಟಗಳನ್ನು ನಡೆಸಿದರು. ಹಾಡು, ಕುಣಿತ, ಅಭಿನಯ, ಚಿತ್ರ ಇವೇ ಅಲ್ಲಿನ ಪಾಠಗಳು. ಬೆತ್ತಕ್ಕೆ ಅಲ್ಲಿ ಎಡೆಯಿರಲಿಲ್ಲ, ಪರೀಕ್ಷೆಗೂ ಇರಲಿಲ್ಲ. ಮುಂದೆ ಪುತ್ತೂರಿನ ಪರ್ಲಡ್ಕದ ಗುಡ್ಡದ ಮೇಲೆ ಈ ಕನಸಿಗೆ ಒಂದು ನೆಲೆ ಸಿದ್ಧವಾಯಿತು. ಅದಕ್ಕೆ ಬಾಲವನ ಎಂದು ಹೆಸರಿಟ್ಟರು.

ಆ ಕಾಲದಲ್ಲಿ ದೇಶದ ಬೇರೆಡೆಗಳಲ್ಲಿಯೂ ಇಂಥ ಚಿಂತನೆ ಮೊಳೆಯುತ್ತಿತ್ತು. ರವೀಂದ್ರರು 1901ರಲ್ಲಿಯೇ ಶಾಂತಿನಿಕೇತನದ ಮರದ ನೆರಳಿನಲ್ಲಿ ಶಾಲೆ ತೆರೆದಿದ್ದರು. ಗುಜರಾತದ ಗಿಜುಭಾಯಿ ಬಧೇಕಾ ಅವರು 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ಸ್ಥಾಪಿಸಿದರು. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರು ಕೈಕಸುಬನ್ನೇ ನಡುಗಂಬವಾಗಿಸಿಕೊಂಡ ಮೂಲಶಿಕ್ಷಣದ ಯೋಜನೆಯನ್ನು ದೇಶದ ಮುಂದಿಟ್ಟರು. ಇವೆಲ್ಲ ಸಂಸ್ಥೆಗಳಾಗಿ ಬೆಳೆದವು. ಬಾಲವನವು ಶಾಲೆಯ ರೂಪದಲ್ಲಿ ಬಹುಕಾಲ ನಿಲ್ಲಲಿಲ್ಲ. ಬೆನ್ನಿಗೆ ಆಶ್ರಮವಿಲ್ಲದ, ಧನಿಕರ ಕೃಪೆಯಿಲ್ಲದ ಒಬ್ಬಂಟಿಗನ ಪ್ರಯೋಗ ಅದು. ಆದರೆ ಶಾಲೆಯಾಗಿ ನಿಲ್ಲದ ಬಾಲವನವು ಮನೆಯಾಗಿ ನಿಂತಿತು. ಸುಮಾರು ನಾಲ್ವತ್ತು ವರ್ಷಗಳ ಕಾಲ ಒಂದು ಸಂಸಾರವು ಅಲ್ಲಿ ಬಾಳಿ ಬೆಳಗಿತು.

ಆ ಸಂಸಾರಕ್ಕೆ ತಳಪಾಯವಾದವರು ಲೀಲಾ ಅವರು. ನೃತ್ಯ ನಾಟಕಗಳ ಕಲಿಕೆಯ ನಡುವೆ ಇಬ್ಬರಿಗೂ ಪರಿಚಯ ಬೆಳೆದು, 1936ರಲ್ಲಿ ವಿವಾಹವಾಯಿತು. ಕಾರಂತರು ಕೋಟದ ಬ್ರಾಹ್ಮಣ ಮನೆತನದವರು; ಲೀಲಾ ಬಂಟರ ಮನೆಯ ಮಗಳು. ಜಾತಿಯ ಗೋಡೆ ದಾಟಿದ ಆ ಮದುವೆಗೆ ಸಮಾಜದಿಂದ ಬಂದುದು ಹರಕೆಯಲ್ಲ, ಬಿರುನುಡಿ. ಲೀಲಾ ಅವರ ಬಾಲ್ಯದ ವಿದ್ಯಾಭ್ಯಾಸ ನಡೆದದ್ದು ಮರಾಠಿಯಲ್ಲಿ. ಮನೆಮಾತು ಒಂದು, ಶಾಲೆಯ ಮಾತು ಇನ್ನೊಂದು ಎಂಬ ಇಬ್ಬಗೆಯನ್ನು ಬೆಳಗಾವಿ ಸೀಮೆಯವರು ಚೆನ್ನಾಗಿ ಬಲ್ಲರು. ಲೇಖಕನ ಕೈಹಿಡಿದ ಮೇಲೆ ಅವರು ಕನ್ನಡವನ್ನು ಹೊಸದಾಗಿ ಕಲಿತರು. ಕಲಿತುದು ಪತ್ರ ಬರೆಯುವಷ್ಟಕ್ಕೆ ನಿಲ್ಲಲಿಲ್ಲ. ಹಿಂದೂ ಸ್ತ್ರೀಯ ಬಾಳಿನ ಬೇಗೆಯನ್ನು ಚಿತ್ರಿಸಿದ ಹರಿ ನಾರಾಯಣ ಆಪಟೆಯವರ ಪ್ರಸಿದ್ಧ ಮರಾಠಿ ಕಾದಂಬರಿ ಪಣ ಲಕ್ಷ್ಯಾಂತ ಕೋಣ ಘೇತೋ ಎಂಬುದನ್ನು ಕನ್ನಡಕ್ಕೆ ತಂದರು. ಕಾರಂತರ ಗೀತನಾಟಕಗಳಲ್ಲಿ ಗೆಜ್ಜೆ ಕಟ್ಟಿದರು. ಹರ್ಷ, ಮಾಳವಿಕಾ, ಉಲ್ಲಾಸ, ಕ್ಷಮಾ ಎಂಬ ನಾಲ್ವರು ಮಕ್ಕಳಿಗೆ ತಾಯಿಯಾದರು. ಬೆಳೆದ ಮೇಲೆ ಒಂದು ಭಾಷೆಯನ್ನು ಅಕ್ಷರದಿಂದ ಕಲಿತ ತಾಯಿಯನ್ನು ಎದುರಿಗೇ ಕಂಡ ಮಕ್ಕಳಿಗೆ, ಕಲಿಕೆಯೆಂಬುದು ಬಾಲ್ಯದಲ್ಲಿ ಮುಗಿದುಹೋಗುವ ಶಿಕ್ಷೆಯೆಂದು ಹೇಗೆ ತೋರೀತು?

ಬಾಲವನದ ಮನೆ ವೈಭವದ್ದಲ್ಲ. ಮುರಕಲ್ಲಿನ ನೆಲ, ಜೂನಿನಲ್ಲಿ ಹಿಡಿದ ಮಳೆ ಸೆಪ್ಟೆಂಬರಿನವರೆಗೂ ಬಿಡದು. ಸುತ್ತಲೂ ಗಿಡಮರಗಳ ಹಸುರು. ಆವರಣದಲ್ಲಿ ನಾಟ್ಯಕ್ಕೆಂದೇ ಒಂದು ಶಾಲೆ, ಪುಸ್ತಕ ಅಚ್ಚು ಹಾಕಲೆಂದು ಒಂದು ಮುದ್ರಣಶಾಲೆ. ಮನೆಯೊಡೆಯರು ಯಾವ ಕೆಲಸವನ್ನೂ ಪರರ ಪಾಲಿನದೆಂದು ಬಿಟ್ಟವರಲ್ಲ. ಚಿತ್ರ ಬರೆದರು, ಛಾಯಾಚಿತ್ರ ತೆಗೆದರು, ಮೂಕಿಯ ಕಾಲದಲ್ಲಿ ಚಲಚ್ಚಿತ್ರವನ್ನೂ ತಯಾರಿಸಿ ನೋಡಿದರು. ಮನೆಯ ನಕ್ಷೆಗೂ ಯಕ್ಷಗಾನದ ವೇಷಭೂಷಣಕ್ಕೂ ಅದೇ ಕೈ ಹಚ್ಚಿದರು. ಇಂಥ ಮನೆಯಲ್ಲಿ ಕಣ್ಣು ತೆರೆದ ಮಗುವಿಗೆ ಪುಸ್ತಕವು ಆಕಾಶದಿಂದ ಉದುರಿದ ವಸ್ತುವಲ್ಲ. ತಂದೆ ಬರೆದ ಹಾಳೆ, ಅಚ್ಚುಮೊಳೆಯಾಗಿ ಜೋಡಣೆಗೊಂಡು, ಕರಡಚ್ಚಾಗಿ ತಿದ್ದುಪಾಟು ಪಡೆದು, ಮಸಿಯ ವಾಸನೆಯೊಡನೆ ಹೊರಬರುವುದನ್ನು ಅದು ಆವರಣದಲ್ಲಿಯೇ ಕಾಣಬಹುದಾಗಿತ್ತು. ನೇಕಾರನ ಮಗು ನೂಲು ಸೀರೆಯಾಗುವುದನ್ನು ಕಂಡ ಹಾಗೆಯೇ ಇದು.

ಮಕ್ಕಳನ್ನು ಮೊದಲ ವರ್ಷಗಳಲ್ಲಿ ಶಾಲೆಗೆ ಕಳುಹಿಸುವ ಅವಸರವನ್ನು ಆ ದಂಪತಿಗಳು ಮಾಡಲಿಲ್ಲ. ಅಕ್ಷರ, ಲೆಕ್ಕ, ಕತೆ ಎಲ್ಲವೂ ಮನೆಯಲ್ಲೇ ನಡೆದವು. ಗುಡ್ಡದ ಹಕ್ಕಿಗಳೂ ಹುಳುಹುಪ್ಪಡಿಗಳೂ ಮಳೆಗಾಲದ ತೊರೆಗಳೂ ಪಾಠದ ಹೊರಗೆ ಉಳಿಯಲಿಲ್ಲ. ತಂದೆಯವರು ಕಟ್ಟಾ ವಿಚಾರವಾದಿಗಳು; ಹಿರಿಯರು ಹೇಳಿದರೆಂಬ ಕಾರಣಕ್ಕೆ ಒಂದನ್ನು ನಂಬಬೇಕೆಂಬ ಕಟ್ಟಳೆ ಅಲ್ಲಿರಲಿಲ್ಲ. ಪ್ರಶ್ನೆ ಕೇಳುವುದು ಅಲ್ಲಿ ಉದ್ಧಟತನವೆನಿಸಲಿಲ್ಲ.

ತಮ್ಮ ಮನೆಯ ಮಕ್ಕಳಿಗೆ ದೊರೆತುದು ಕನ್ನಡದ ಎಲ್ಲ ಮಕ್ಕಳಿಗೂ ದೊರೆಯಬೇಕೆಂಬ ಹಂಬಲ ಕಾರಂತರಿಗೆ ಮದುವೆಗೆ ಮುಂಚಿನಿಂದಲೂ ಇತ್ತು. 1930ರ ದಶಕದಲ್ಲಿ ಅವರು ಬಾಲಪ್ರಪಂಚವೆಂಬ ಬೃಹತ್ ಗ್ರಂಥವನ್ನು ಮೂರು ಸಂಪುಟಗಳಲ್ಲಿ ಹೊರತಂದರು. ನಕ್ಷತ್ರಗಳಿಂದ ಹಿಡಿದು ನೆಲದೊಳಗಿನ ಲೋಹದವರೆಗೆ, ಪ್ರಾಣಿಗಳಿಂದ ಯಂತ್ರಗಳವರೆಗೆ, ಮಗು ಕೇಳಬಹುದಾದುದನ್ನೆಲ್ಲ ಚಿತ್ರಸಮೇತ ತಿಳಿಗನ್ನಡದಲ್ಲಿ ಹೇಳುವ ಸಾಹಸ ಅದು. ವಿಜ್ಞಾನಕ್ಕೆ ಕನ್ನಡದಲ್ಲಿ ಹೆಸರುಗಳೇ ಇನ್ನೂ ನೆಲೆಗೊಳ್ಳದ ಕಾಲ. ದೊಡ್ಡ ವಿದ್ವತ್ಸಂಸ್ಥೆಗಳು ಹತ್ತಾರು ಪಂಡಿತರನ್ನು ಕೂಡಿಸಿ ಮಾಡುವ ಕಾರ್ಯವನ್ನು ಒಬ್ಬರೇ ಹೊತ್ತರು. ಓದುವ ಆಟವೆಂಬ ಪುಸ್ತಕದಲ್ಲಿ ಅಕ್ಷರಾಭ್ಯಾಸವನ್ನೇ ಆಟದ ಮಟ್ಟಕ್ಕೆ ತಂದರು. 1941ರಲ್ಲಿ ಸಿರಿಗನ್ನಡ ಅರ್ಥಕೋಶವನ್ನು ಕೊಟ್ಟರು. 1959ರಿಂದ 1964ರ ವರೆಗೆ ವಿಜ್ಞಾನ ಪ್ರಪಂಚದ ನಾಲ್ಕು ಸಂಪುಟಗಳನ್ನು ಬರೆದರು. ಚೋಮನ ದುಡಿ, ಮರಳಿ ಮಣ್ಣಿಗೆ, ಬೆಟ್ಟದ ಜೀವಗಳನ್ನು ಬರೆದ ಲೇಖನಿಯೇ ಇವನ್ನೂ ಬರೆಯಿತು. ಅವರ ದೃಷ್ಟಿಯಲ್ಲಿ ಮಕ್ಕಳ ಪುಸ್ತಕವು ಎಡಗೈಯ ಕೆಲಸವಾಗಿರಲಿಲ್ಲ.

ಆದರೆ ಈ ಚಿತ್ರವನ್ನು ಬರಿಯ ಬೆಳಕಿನಲ್ಲಿ ಬಿಡಿಸಿದರೆ ಸತ್ಯಕ್ಕೆ ಅಪಚಾರವಾದೀತು. ಬಾಲವನಕ್ಕೆ ತೆತ್ತ ಬೆಲೆ ದೊಡ್ಡದು. ಮಕ್ಕಳ ವಿಶ್ವಕೋಶಕ್ಕೆ ಕೈಯಿಂದ ಹಣ ಸುರಿದವರು ಲಾಭ ಕಾಣಲಿಲ್ಲ. ತಿಂಗಳ ಸಂಬಳವಿಲ್ಲದ ಮನೆ. ಬರೆದರೆ, ಅಚ್ಚಾದರೆ, ಮಾರಾಟವಾದರೆ ಆದಾಯ. ಮನೆಯೊಡೆಯರೋ ವರ್ಷದ ಬಹುಭಾಗ ಸಂಚಾರಿಗಳು: ಇಂದು ಭಾಷಣ, ನಾಳೆ ಯಕ್ಷಗಾನ, ಮತ್ತೊಂದು ದಿನ ಶಿಲ್ಪ ನೋಡಲೆಂದು ದೂರದ ಪ್ರವಾಸ. ಅವರು ಹತ್ತು ಮುಖಗಳಲ್ಲಿ ಹರಿದಾಡುತ್ತಿದ್ದಾಗ ಮನೆಯ ಒಲೆ ಆರದಂತೆ, ಅತಿಥಿ ಹಸಿಯದಂತೆ, ಮಕ್ಕಳ ಕಲಿಕೆ ನಿಲ್ಲದಂತೆ ಕಾದವರು ಲೀಲಾ. ಬಾಲವನದ ಕೀರ್ತಿಯನ್ನೆಲ್ಲ ಒಬ್ಬರ ಹೆಸರಿಗೆ ಬರೆಯುವುದು ನಾಡಿನ ರೂಢಿಯಾಗಿದೆ. ಬಟ್ಟೆಯಲ್ಲಿ ಹೊಕ್ಕಿನ ಬಣ್ಣವೇ ಕಣ್ಣಿಗೆ ಹೊಡೆಯಬಹುದು. ಬಿಗಿಯಾಗಿ ನಿಂತ ಹಾಸು ಇಲ್ಲದೆ ಲಾಳಿ ಎಸೆದು ಪ್ರಯೋಜನವೇನು?

ದುಃಖವೂ ಆ ಮನೆಯನ್ನು ಬಿಡಲಿಲ್ಲ. ಹಿರಿಯ ಮಗ ಹರ್ಷ 1960ರ ದಶಕದ ಆರಂಭದಲ್ಲಿ, ಇನ್ನೂ ಎಳೆಯ ಹರೆಯದಲ್ಲಿಯೇ ತೀರಿಕೊಂಡ. ಕಾರಂತರ ಎಷ್ಟೋ ಪುಸ್ತಕಗಳ ಮುಖಪುಟದ ಒಳಗೆ ಹರ್ಷ ಪ್ರಕಟಣಾಲಯ, ಪುತ್ತೂರು ಎಂಬ ಮುದ್ರೆಯಿದೆ. ಆ ಹೆಸರು ಹೊತ್ತ ಹುಡುಗ ಹೋದ; ಅಕ್ಷರ ಉಳಿಯಿತು. ಲೀಲಾ ಅವರ ಮನಸ್ಸು ಆಳವಾದ ವಿಷಾದದ ಕಾಯಿಲೆಗೆ ತುತ್ತಾಯಿತು. ಕಲಿಸುವ ಕಲೆಯನ್ನೂ ಆನಂದದ ಮಾರ್ಗವನ್ನೂ ಅರಿತ ಮನೆಯೆಂದು ಸಾವೂ ವ್ಯಾಧಿಯೂ ಹೊರಬಾಗಿಲಲ್ಲಿ ನಿಲ್ಲುವುದಿಲ್ಲ. ಅಂಥ ಏಟನ್ನು ಉಂಡ ಮೇಲೂ ಕಾರಂತರು ಮೇಜಿನ ಮುಂದೆ ಕುಳಿತು ಮಕ್ಕಳಿಗೆ ವಿಜ್ಞಾನವನ್ನು ವಿವರಿಸುವುದನ್ನು ಬಿಡಲಿಲ್ಲ ಎಂಬುದು ಅವರ ಗಟ್ಟಿತನಕ್ಕೆ ಸಾಕ್ಷಿ. ಅದನ್ನು ಕಲ್ಲೆದೆಯೆಂದು ಕರೆಯುವವರು ದುಡಿಮೆಯಲ್ಲಿ ಅಳುವವರನ್ನು ಕಂಡಿಲ್ಲ.

1970ರ ದಶಕದಲ್ಲಿ ದಂಪತಿಗಳು ಪುತ್ತೂರನ್ನು ಬಿಟ್ಟು, ಹುಟ್ಟೂರಾದ ಕೋಟಕ್ಕೆ ಸಮೀಪದ ಸಾಲಿಗ್ರಾಮಕ್ಕೆ ಬಂದರು. 1968ರಲ್ಲಿ ದೊರೆತಿದ್ದ ಪದ್ಮಭೂಷಣವನ್ನು ಕಾರಂತರು ತುರ್ತು ಪರಿಸ್ಥಿತಿಯನ್ನು ಪ್ರತಿಭಟಿಸಿ ಹಿಂದಿರುಗಿಸಿದರು. ಮೂಕಜ್ಜಿಯ ಕನಸುಗಳಿಗೆ 1977ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿ ಸಂದಿತು. 1986ರಲ್ಲಿ ಲೀಲಾ ನಿಧನರಾದರು. ಐವತ್ತು ವರ್ಷಗಳ ದಾಂಪತ್ಯ ಮುಗಿಯಿತು. ಮುಪ್ಪಿನಲ್ಲಿಯೂ ಕಾರಂತರು ಕೈಗಾದ ಅಣುಸ್ಥಾವರದ ವಿರುದ್ಧ ದನಿಯೆತ್ತಿದರು; ತೊಂಬತ್ತು ದಾಟಿದ ಮೇಲೆ ಹಕ್ಕಿಗಳ ಬಗೆಗೆ ಪುಸ್ತಕ ಬರೆಯಲು ಕುಳಿತರು. 1997ರ ಡಿಸೆಂಬರ್ 9ರಂದು ಮಣಿಪಾಲದಲ್ಲಿ ಅವರ ದೇಹಾಂತವಾಯಿತು. ಬಾಲವನವು ಈಗ ಸರಕಾರದ ಆಶ್ರಯದಲ್ಲಿ ಸ್ಮಾರಕವಾಗಿ ಉಳಿದಿದೆ.

ಆ ಮನೆಯ ಮಕ್ಕಳು ಏನಾದರು? ಮಾಳವಿಕಾ ಅವರು ಮಕ್ಕಳ ಮನಸ್ಸಿನ ಬೇನೆಯನ್ನು ಅರಿಯುವ ಮನೋವಿಜ್ಞಾನಿಯಾಗಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಹೆಸರು ಮಾಡಿದರು. ಉಲ್ಲಾಸರು ಯಂತ್ರಶಾಸ್ತ್ರ ಓದಿ, ಬೇಸಾಯ ಮಾಡಿ, ಕೊನೆಗೆ ಹುಲಿಗಳ ಅಧ್ಯಯನದಲ್ಲಿ ಲೋಕವಿಖ್ಯಾತರಾದರು. ಕ್ಷಮಾ ಅವರು ಒಡಿಸ್ಸಿ ನೃತ್ಯವನ್ನು ಒಲಿಸಿಕೊಂಡರು. ಮೂವರೂ ಕೂಡಿ ತಂದೆತಾಯಿಗಳ ಬಗೆಗೆ ಇಂಗ್ಲಿಷಿನಲ್ಲಿ ಒಂದು ಗ್ರಂಥ ಬರೆದು 2021ರಲ್ಲಿ ಪ್ರಕಟಿಸಿದರು. ಒಬ್ಬರೂ ತಂದೆಯ ಪಡಿಯಚ್ಚಾಗಲಿಲ್ಲ, ಕಾದಂಬರಿಕಾರರೂ ಆಗಲಿಲ್ಲ. ಬಾಲವನದ ಶಿಕ್ಷಣವು ಗೆದ್ದಿತೆನ್ನಲು ಇದಕ್ಕಿಂತ ಬೇರೆ ಪ್ರಮಾಣ ಬೇಡ. ಕುಲಕಸುಬಿನ ಮನೆಯಲ್ಲಿ ಮಗನು ತಂದೆಯ ಮಗ್ಗಕ್ಕೇ ಕೂಡಬೇಕಾಗಿತ್ತು. ಆ ವಿದ್ಯೆಯ ಸೊಗಸಿನೊಳಗೇ ಅದರ ಸೆರೆಯೂ ಇತ್ತು. ಕಾರಂತ ದಂಪತಿಗಳು ಸೊಗಸನ್ನು ಉಳಿಸಿಕೊಂಡು ಸೆರೆಯನ್ನು ಕಳಚಿದರು. ಕೈ ಕೆಸರಾಗುವುದನ್ನೂ ಕಣ್ಣು ತೆರೆದಿರುವುದನ್ನೂ ಕಲಿಸಿ, ಯಾವ ಕೆಲಸ ಎಂಬ ಆಯ್ಕೆಯನ್ನು ಮಕ್ಕಳಿಗೇ ಬಿಟ್ಟರು.

ಇಂದು ಮಲಪ್ರಭೆಯ ದಂಡೆಯ ಊರುಗಳಲ್ಲಿಯೂ ಕೈಮಗ್ಗದ ಸಪ್ಪಳ ಕ್ಷೀಣಿಸಿದೆ; ಮಕ್ಕಳು ನಸುಕಿನಲ್ಲೇ ಚೀಲ ಹೊತ್ತು ದೂರದ ಶಾಲೆಗೆ ಹೊರಡುತ್ತಾರೆ. ಎಲ್ಲರೂ ಗುಡ್ಡದ ಮೇಲೆ ಮನೆ ಕಟ್ಟಲಾರರು, ಎಲ್ಲರ ಅಂಗಳದಲ್ಲೂ ಮುದ್ರಣಶಾಲೆ ಇರಲಾರದು. ಆದರೂ ಹಿತ್ತಲಿನಲ್ಲಿ ನಾಲ್ಕು ಬದನೆಯ ಸಸಿಗೆ ಜಾಗವಿರುತ್ತದೆ, ಅಜ್ಜಿಗೆ ಕೌದಿ ಹೊಲಿಯಲು ಬರುತ್ತದೆ, ಮಗು ಕೇಳುವ ಪ್ರಶ್ನೆಗೆ ಉತ್ತರ ಹುಡುಕಲು ಸಂಜೆಯ ಅರ್ಧ ತಾಸು ಸಿಗುತ್ತದೆ. ಪುತ್ತೂರಿನ ಆ ಮನೆಯಲ್ಲಿದ್ದ ಬಂಡವಾಳವೂ ಮೂಲದಲ್ಲಿ ಇಷ್ಟೇ. ದೊಡ್ಡವರು ತಮ್ಮ ಕೆಲಸವನ್ನು ಮಕ್ಕಳ ಕಣ್ಣೆದುರಿಗೆ ಪ್ರೀತಿಯಿಂದ ಮಾಡಿದರು, ಮಕ್ಕಳು ನೋಡಿದರು.