ಕಡಲನ್ನು ಮನೆಗೆ ತಂದವನು

ಗಾಜಿನ ತೊಟ್ಟಿಯಲ್ಲಿ ಹವಳಗಳನ್ನೂ ಮೀನುಗಳನ್ನೂ ಸಾಕಿ, ಮನೆಯ ಹಜಾರದಲ್ಲಿಯೇ ಕಡಲಿನ ತುಣುಕೊಂದನ್ನು ಕಾಣಬಯಸುವ ಹವ್ಯಾಸ ಇಂದು ಹಲವರಲ್ಲಿದೆ. ಈ ಹವ್ಯಾಸವನ್ನು ಮನೆಮಾತಾಗಿಸಿದವನು ಇಂಗ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಫಿಲಿಪ್ ಹೆನ್ರಿ ಗಾಸ್. ತಾನು ಪ್ರೀತಿಸಿದುದನ್ನು ಲೋಕಕ್ಕೆ ತೋರಿಸಿಕೊಟ್ಟು, ಅದರಿಂದಲೇ ಅದು ಸೂರೆಹೋದುದನ್ನು ಕಣ್ಣಾರೆ ಕಂಡ ದುರ್ದೈವವೂ ಅವನದೇ.

ಗಾಸ್ ಜನಿಸಿದುದು 1810ರಲ್ಲಿ, ವೂಸ್ಟರ್ ನಗರದಲ್ಲಿ. ಬೆಳೆದುದು ಪೂಲ್ ಎಂಬ ಬಂದರಿನಲ್ಲಿ. ತಂದೆ ಊರೂರು ಅಲೆದು ಕಿರುಚಿತ್ರಗಳನ್ನು ಬರೆಯುತ್ತಿದ್ದ ಬಡ ಕಲಾವಿದ. ಹದಿನೇಳನೆಯ ವಯಸ್ಸಿಗೇ ಗಾಸ್ ನ್ಯೂಫೌಂಡ್‌ಲೆಂಡಿಗೆ ಹೋಗಿ ವ್ಯಾಪಾರದ ಕೋಠಿಯೊಂದರಲ್ಲಿ ಗುಮಾಸ್ತನಾದ. ಎಂಟು ವರ್ಷಗಳ ತರುವಾಯ ಕೆನಡಾದಲ್ಲಿ ಬೇಸಾಯಕ್ಕೆ ಕೈಹಾಕಿ ಸೋತ. 1838ರಲ್ಲಿ ಅಲಬಾಮಾದಲ್ಲಿ ಕೆಲವು ತಿಂಗಳು ಉಪಾಧ್ಯಾಯನಾಗಿದ್ದು, ಮರುವರ್ಷ ಸ್ವದೇಶಕ್ಕೆ ಮರಳಿದ. ಕೈಯಲ್ಲಿ ಹಣವಿರಲಿಲ್ಲ, ಕೀಟ ಸಸ್ಯಗಳನ್ನು ನೋಡಿ ಬರೆದಿಟ್ಟ ಟಿಪ್ಪಣಿಗಳಿದ್ದವು. ಅವೇ ಅವನನ್ನು ಲೇಖಕನನ್ನಾಗಿ ಮಾಡಿದವು.

ಅತಿಶ್ರಮದಿಂದ ದೇಹ ಕುಗ್ಗಲು, 1852ರಲ್ಲಿ ಆತ ಡೆವನ್ ತೀರಕ್ಕೆ ಬಂದ. ಇಳಿತದ ವೇಳೆ ಬಂಡೆಗಳ ನಡುವೆ ಉಳಿಯುವ ನೀರಿನ ಹೊಂಡಗಳಲ್ಲಿ ಕಡಲಹೂಗಳೂ ಕಿರುಹವಳಗಳೂ ಅರಳಿರುತ್ತಿದ್ದವು. ಅವನ್ನು ಊರಿಗೆ ಒಯ್ದು ಬದುಕಿಸುವ ಬಗೆ ಹೇಗೆ? ಈ ಪ್ರಶ್ನೆಯನ್ನು ಎತ್ತಿದವರಲ್ಲಿ ಗಾಸನೇ ಮೊದಲಿಗನಲ್ಲ. ಆನಾ ಥಿನ್ ಎಂಬ ಮಹಿಳೆ 1846ರಿಂದಲೇ ಲಂಡನ್ನಿನಲ್ಲಿ ಹವಳಗಳನ್ನು ಸಾಕಿದ್ದಳು. ಅವಳ ಸೇವಕಿ ಕಿಟಕಿಯ ಬಳಿ ನೀರನ್ನು ಪಾತ್ರೆಯಿಂದ ಪಾತ್ರೆಗೆ ಸುರಿಯುತ್ತ ಅದಕ್ಕೆ ಗಾಳಿ ಬೆರೆಸುತ್ತಿದ್ದಳು. ಸಸ್ಯಗಳು ಬಿಡುವ ಆಮ್ಲಜನಕದಿಂದ ಪ್ರಾಣಿಗಳು ಉಸಿರಾಡಬಲ್ಲವೆಂಬುದನ್ನು 1850ರಲ್ಲಿ ರಾಬರ್ಟ್ ವಾರಿಂಗ್ಟನ್ ಸಿಹಿನೀರಿನ ತೊಟ್ಟಿಯಲ್ಲಿ ತೋರಿಸಿದ್ದ. ಈ ತಿಳಿವಳಿಕೆಯನ್ನು ಸಾಮಾನ್ಯರ ಕೈಗೆ ಎಟುಕಿಸಿದ್ದು ಗಾಸನ ಸಾಧನೆ. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ತೆರೆದ ಮತ್ಸ್ಯಾಲಯಕ್ಕೆ ಆತ ಜೀವಿಗಳನ್ನು ಒದಗಿಸಿದ. 1854ರ ಅವನ ಗ್ರಂಥದಿಂದ ಅಕ್ವೇರಿಯಂ ಎಂಬ ಹೆಸರೇ ಜನಪ್ರಿಯವಾಯಿತು.

ತೊಟ್ಟಿಯನ್ನು ಅಣಿಗೊಳಿಸುವ ಕ್ರಮವನ್ನು ಆತ ಉಪಾಧ್ಯಾಯನಂತೆ ವಿವರಿಸಿದ. ಕಡಲಪಾಚಿಗೆ ಬೇರಿಲ್ಲ, ಆದುದರಿಂದ ಅದು ಅಂಟಿಕೊಂಡ ಕಲ್ಲನ್ನೇ ಉಳಿಸುತ್ತಿಗೆಗಳಿಂದ ಒಡೆದು ತರಬೇಕು. ಮೊದಲು ಪಾಚಿಯನ್ನಿರಿಸಿ, ನೀರು ಹದಗೊಳ್ಳುವವರೆಗೆ ಕಾದು, ಅನಂತರವೇ ಪ್ರಾಣಿಗಳನ್ನು ಬಿಡಬೇಕು. ಕಡಲಿನಿಂದ ದೂರವಿದ್ದವರಿಗಾಗಿ ಲವಣಗಳನ್ನು ಬೆರೆಸಿ ಕೃತಕ ಸಮುದ್ರಜಲವನ್ನು ಮಾಡುವ ವಿಧಾನವನ್ನೂ ಹೇಳಿಕೊಟ್ಟ. ಆ ತಾಳ್ಮೆಯ ಪಾಠ ಇಂದಿಗೂ ಹಳತಾಗಿಲ್ಲ. ಪ್ರಾಣಿಗಳ ಮಲದಿಂದ ಹುಟ್ಟುವ ಅಮೋನಿಯಾ ವಿಷವನ್ನು ಮಾರ್ಪಡಿಸುವ ಬ್ಯಾಕ್ಟೀರಿಯಾಗಳು ಕಲ್ಲುಮರಳುಗಳಲ್ಲಿ ನೆಲೆಗೊಳ್ಳಲು ವಾರಗಳೇ ಬೇಕೆಂದು ನಾವೀಗ ಬಲ್ಲೆವು. ಅವಸರದಿಂದ ಜೀವಿಗಳನ್ನು ತುಂಬಿದವನ ತೊಟ್ಟಿ ಬೇಗನೆ ಮಸಣವಾಗುತ್ತದೆ.

ಗಾಜಿನ ಮೇಲಣ ಸುಂಕ 1845ರಲ್ಲಿಯೇ ರದ್ದಾಗಿತ್ತು. ರೈಲು ತೀರಕ್ಕೆ ಮುಟ್ಟಿತ್ತು. ಗಾಸನ ಪುಸ್ತಕಗಳನ್ನು ಓದಿದವರು ಉಳಿಸುತ್ತಿಗೆ ಹಿಡಿದು ಬಂಡೆಗಳಿಗೆ ಮುಗಿಬಿದ್ದರು. ಇತ್ತ ಅವನ ಬಾಳಿನಲ್ಲಿಯೂ ಕತ್ತಲೆ ಕವಿಯಿತು. 1857ರ ಫೆಬ್ರವರಿಯಲ್ಲಿ ಪತ್ನಿ ಎಮಿಲಿ ಕ್ಯಾನ್ಸರಿನಿಂದ ತೀರಿಕೊಂಡಳು. ಎಂಟು ವರ್ಷ ತುಂಬದ ಮಗ ಎಡ್ಮಂಡ್ ತಂದೆಯ ಮಡಿಲಿಗೆ ಉಳಿದ. ಬೈಬಲ್ಲಿನ ಸೃಷ್ಟಿಕಥೆಯನ್ನೂ ಭೂಗರ್ಭಶಾಸ್ತ್ರವನ್ನೂ ಹೊಂದಿಸಲು ಅದೇ ವರ್ಷ ಆತ ಆಂಫಲಸ್ ಎಂಬ ಗ್ರಂಥವನ್ನು ಬರೆದ. ಭೂಮಿ ತನಗಿಲ್ಲದ ಪುರಾತನತೆಯ ಗುರುತುಗಳೊಡನೆಯೇ ಸೃಷ್ಟಿಯಾಯಿತೆಂಬ ಅದರ ವಾದವನ್ನು ವಿಜ್ಞಾನಿಗಳೂ ಒಪ್ಪಲಿಲ್ಲ, ಶ್ರದ್ಧಾಳುಗಳೂ ಒಪ್ಪಲಿಲ್ಲ.

ನೊಂದ ಗಾಸ್ ಡೆವನ್ನಿಗೆ ಮರಳಿದ. ಬ್ರಿಟನ್ನಿನ ಕಡಲಹೂಗಳನ್ನೂ ಹವಳಗಳನ್ನೂ ಕುರಿತ ಅವನ ಮಹಾಗ್ರಂಥ 1860ರಲ್ಲಿ ಪೂರ್ಣಗೊಂಡಿತು. ಅದರ ಚಿತ್ರಗಳನ್ನು ಬರೆದವನೂ ಅವನೇ. ಆದರೆ ಆ ಚಿತ್ರಗಳಲ್ಲಿ ಉಳಿದ ಸೊಬಗು ತೀರದ ಹೊಂಡಗಳಲ್ಲಿ ಉಳಿಯಲಿಲ್ಲ. ಸಂಗ್ರಾಹಕರ ಕೈಗೆ ಸಿಕ್ಕಿ ಅವು ಬರಿದಾದವು. ಇದಕ್ಕೆ ತನ್ನ ಬರಹವೇ ಕಾರಣವಾಯಿತೆಂಬ ಕೊರಗು ತಂದೆಯನ್ನು ಕಾಡಿತೆಂದು, ಮುಂದೆ ಸಾಹಿತಿಯಾದ ಎಡ್ಮಂಡ್ ತನ್ನ 1907ರ ಆತ್ಮಕಥನದಲ್ಲಿ ದಾಖಲಿಸಿದ್ದಾನೆ. ಗಾಸ್ 1888ರಲ್ಲಿ ಕಣ್ಣುಮುಚ್ಚಿದ.

ಇಂದು ಹವಳದ ತುಂಡುಗಳನ್ನು ತೊಟ್ಟಿಯಲ್ಲಿಯೇ ಬೆಳೆಸಿ ಹಂಚಿಕೊಳ್ಳುವ ಮಾರ್ಗವುಂಟು; ಗಾಸನ ಕಾಲದವರಿಗೆ ಅದು ತೆರೆದಿರಲಿಲ್ಲ. ಹೊಸ ತೊಟ್ಟಿಗೆ ನೀರು ತುಂಬುವವನು ಅವನಿಂದ ತಾಳ್ಮೆಯನ್ನು ಕಲಿಯಲಿ. ತಾನು ತರುವ ಹವಳ ಎಲ್ಲಿಂದ ಬಂತೆಂದು ಕೇಳುವುದನ್ನು ಅವನ ಕೊರಗಿನಿಂದ ಕಲಿಯಲಿ.