‘ಲಾಯಲ್ಟಿ’ ಹಡಗಿನ ವಾಲ್‌ಚಂದ್ ಹೀರಾಚಂದ್

ಏಪ್ರಿಲ್ 5 ರಾಷ್ಟ್ರೀಯ ನೌಕಾಯಾನ ದಿನ. 1919ರ ಅದೇ ದಿನ ಸಿಂಧಿಯಾ ಕಂಪನಿಯ ‘ಲಾಯಲ್ಟಿ’ ಹಡಗು ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. ಹೆಸರು ನಿಷ್ಠೆಯದಾದರೂ ಹೂಡಿದ ಪೈಪೋಟಿ ಬ್ರಿಟಿಷ್ ಹಡಗು ಕಂಪನಿಗಳೊಡನೆ! 1882ರಲ್ಲಿ ಸೊಲ್ಲಾಪುರದಲ್ಲಿ ಜನಿಸಿ, ರೈಲುಮಾರ್ಗದ ಗುತ್ತಿಗೆದಾರರಾಗಿ ಬೆಳೆದ ವಾಲ್‌ಚಂದ್ ಹೀರಾಚಂದರು ಆ ಯಾನದಲ್ಲಿ ಸ್ವತಃ ಪಯಣಿಸಿದ್ದರು. ಗ್ವಾಲಿಯರ್ ಮಹಾರಾಜರಿಂದ ಕೊಂಡ ಆ ಹಡಗು ಮಹಾಯುದ್ಧದಲ್ಲಿ ತೇಲುವ ಆಸ್ಪತ್ರೆಯಾಗಿತ್ತು.

ಎದುರಾಳಿಗಳು ಸಾಗಣೆ ದರವನ್ನು ಇಳಿಸಿ ಹಿಂಡಿದರು. 1923ರ ಒಪ್ಪಂದವು ಸಿಂಧಿಯಾವನ್ನು ಕರಾವಳಿ ವ್ಯಾಪಾರಕ್ಕೆ ಕಟ್ಟಿಹಾಕಿತು. ‘ಲಾಯಲ್ಟಿ’ ಗುಜರಿಗೆ ಹೋಯಿತು. ಕಹಿಯಾದ ಒಪ್ಪಂದವೇ ನಿಜ, ಆದರೆ ಕಂಪನಿ ಉಳಿದುಕೊಂಡಿತು. 1940ರಲ್ಲಿ ಮೈಸೂರು ಸಂಸ್ಥಾನದ ನೆರವಿನೊಡನೆ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸ್ಥಾಪಿಸಿದವರೂ ಇವರೇ. ಅವರ ವಿಶಾಖಪಟ್ಟಣದ ಕಾರ್ಖಾನೆಯಲ್ಲಿ ನಿರ್ಮಿಸಿದ ‘ಜಲ ಉಷಾ’ 1948ರಲ್ಲಿ ನೀರಿಗಿಳಿಯಿತು.

1953ರ ಏಪ್ರಿಲ್ 8ರಂದು ಅವರು ನಿಧನರಾದರು. ಮೊದಲ ನೌಕಾಯಾನ ದಿನದ ಆಚರಣೆ ನಡೆದದ್ದು 1964ರಲ್ಲಿ.